ಸರ್ವರ್ ಮೆಟ್ಟಿಲ ಕೆಳಗೋ, ಮುಂಬೈಯಲ್ಲೋ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸರ್ವರ್, ಅಂದರೆ ಇಡೀ ಕಂಪನಿಯ ಫೈಲು, ಲೆಕ್ಕ ಇಟ್ಟುಕೊಳ್ಳುವ ಕಂಪ್ಯೂಟರ್, ಇರುವುದು ಮೆಟ್ಟಿಲ ಕೆಳಗೆ. ಮೊದಲು ಅಲ್ಲಿ ಕೆಲಸಗಾರರು ಚಪ್ಪಲಿ ಬಿಡುತ್ತಿದ್ದರಂತೆ. ಈಗ ಅಲ್ಯೂಮಿನಿಯಂ ಪಾರ್ಟಿಶನ್ ಬಂದಿದೆ, ಒಳಗೆ ಒಂದು ಟನ್ನಿನ ಎಸಿ, ಎಸಿಯ ನೀರು ಬೀಳಲು ಇಪ್ಪತ್ತು ಲೀಟರಿನ ಪೇಂಟ್ ಬಕೆಟ್. ರಾತ್ರಿ ಎರಡು ಸಲ ಆ ಬಕೆಟ್ ಖಾಲಿ ಮಾಡುವುದು ಸೆಕ್ಯೂರಿಟಿಯವರ ಕೆಲಸ. ರ‍್ಯಾಕಿನ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಮಾಲೀಕರು ನನ್ನನ್ನು ಕರೆಸಿದ್ದು ಒಂದೇ ಪ್ರಶ್ನೆಗೆ: "ಎಲ್ರೂ ಕ್ಲೌಡಿಗೆ ಹೋಗ್ತಿದಾರಂತಲ್ಲ ಸರ್, ನಾವೂ ಹೋಗ್ಬಿಡೋಣ್ವಾ?"

ಹತ್ತು ಹನ್ನೆರಡು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ, ಇನ್ನೂ ಒಂದೇ ಪದದಲ್ಲಿ ಕೊಡಲು ಬಂದಿಲ್ಲ. ಕ್ಲೌಡ್ ಎಂದರೆ ಬೇರೆ ಕಂಪನಿಯ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದು, ಆದರೆ ಯಾವ ಕಂಪನಿಯೂ ಇಡಿಯಾಗಿ ಅಲ್ಲಿಗೆ ಹೋಗುವುದಿಲ್ಲ. ಹೋಗುವುದು ಒಂದೊಂದೇ ಕೆಲಸ: ಮೇಲ್, ಲೆಕ್ಕ, ಡ್ರಾಯಿಂಗು, ಸಿಸಿಟಿವಿ, ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟು. ಒಂದಕ್ಕೆ ಲಾಭವಾದದ್ದು ಇನ್ನೊಂದಕ್ಕೆ ದಂಡವಾಗುತ್ತದೆ. ಹಾಗಾಗಿ ಈ ಹೋಲಿಕೆ ಐವತ್ತರಿಂದ ಮುನ್ನೂರು ಜನರಿರುವ, ಸಿಸ್ಟಮ್ ನೋಡಿಕೊಳ್ಳಲು ಒಬ್ಬರೋ ಇಬ್ಬರೋ ಇರುವ ಸಂಸ್ಥೆಗಳಿಗೆ. ದೊಡ್ಡ ಐಟಿ ಕಂಪನಿಗಳಿಗೆ ಹೇಳುವವರು ಬೇರೆ ಇದ್ದಾರೆ.

ಇರುವ ದಾರಿಗಳು

ಮನೆ ಹುಡುಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಫೀಸಿನೊಳಗಿನ ಸರ್ವರ್ ಸ್ವಂತ ಮನೆ. ನಲ್ಲಿ ಸೋರಿದರೂ ನಿಮ್ಮದೇ, ಟೆರೇಸು ಸೋರಿದರೂ ನಿಮ್ಮದೇ. ಸರ್ವರ್ ನಿಮ್ಮದು, ಜಾಗ ಇನ್ನೊಬ್ಬರದು ಎನ್ನುವುದು ಕೊಲೊಕೇಶನ್: ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರಿನಲ್ಲಿ ಅರ್ಧ ರ‍್ಯಾಕು ಬಾಡಿಗೆಗೆ ಹಿಡಿದರೆ ಕರೆಂಟು, ಎಸಿ, ಬೀಗ ಅವರ ತಲೆನೋವು, ಡಿಸ್ಕು ಸತ್ತರೆ ನಿಮ್ಮದು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂಥವರಲ್ಲಿ ಯಂತ್ರವನ್ನೇ ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳುವುದು ಬಾಡಿಗೆ ಮನೆ. ಅಲ್ಲೇ ಒಂದು ವರ್ಷ ಅಥವಾ ಮೂರು ವರ್ಷ ಇರುತ್ತೇನೆಂದು ಬರೆದುಕೊಟ್ಟು ಕಡಿಮೆ ದರ ಪಡೆಯುವುದು ಹೆಚ್ಚುಕಮ್ಮಿ ಭೋಗ್ಯ. ಒಂದೇ ವ್ಯತ್ಯಾಸ: ಭೋಗ್ಯದ ಹಣ ಕೊನೆಗೆ ಕೈಗೆ ಬರುತ್ತದೆ, ಇದು ಬರುವುದಿಲ್ಲ. ಇನ್ನು ಝೋಹೋ, ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365ರಂಥ ತಲೆಗಿಷ್ಟು ಎಂದು ಕೊಡುವ ಸಿದ್ಧ ತಂತ್ರಾಂಶಗಳು ಪಿಜಿ ಇದ್ದ ಹಾಗೆ. ಊಟ, ಹಾಸಿಗೆ, ವೈಫೈ ಎಲ್ಲ ಸೇರಿದೆ. ಸಾಂಬಾರಿಗೆ ಸ್ವಲ್ಪ ಹುಳಿ ಹಾಕಿ ಅನ್ನುವ ಹಾಗಿಲ್ಲ.

ಇವುಗಳ ನಡುವೆ ನಮ್ಮ ಊರುಗಳಲ್ಲಿ ಬಹಳ ನಡೆಯುವ ಇನ್ನೊಂದಿದೆ, ಪಟ್ಟಿಗಳಲ್ಲಿ ಅದರ ಹೆಸರು ಬರುವುದು ಕಡಿಮೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯನ್ನು ಯಾರದೋ ಸರ್ವರಿನಲ್ಲಿ ಹಾಕಿ, ತಿಂಗಳಿಗೆ ಬಳಕೆದಾರರೊಬ್ಬರಿಗೆ ಇಷ್ಟು ಎಂದು ಕೊಡುವ ಸಣ್ಣ ಸೇವೆಗಳು. ಹುಬ್ಬಳ್ಳಿ, ದಾವಣಗೆರೆಯ ಮಾರಾಟಗಾರರು "ಕ್ಲೌಡ್" ಎಂದಾಗ ಬಹಳ ಸಲ ಅವರ ಮನಸ್ಸಿನಲ್ಲಿರುವುದು ಇದೇ. ಕೆಟ್ಟದ್ದೇನಲ್ಲ. ಆದರೆ ಆ ಸರ್ವರ್ ಯಾವ ಊರಿನಲ್ಲಿದೆ, ಅದರಲ್ಲಿ ಇನ್ನೆಷ್ಟು ಜನ ಇದ್ದಾರೆ, ಬ್ಯಾಕಪ್ ಅದೇ ಯಂತ್ರದ ಇನ್ನೊಂದು ಡಿಸ್ಕಿಗೆ ಹೋಗುತ್ತದೆಯೇ ಅಥವಾ ಬೇರೆ ಕಡೆಗೇ ಹೋಗುತ್ತದೆಯೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ತಡವಾದರೆ ಅಲ್ಲಿಂದ ಎದ್ದು ಬನ್ನಿ.

ಹಣದ ಲೆಕ್ಕ, ಎರಡೂ ಕಡೆಯಿಂದ

ನಾಲ್ಕು ಕೋರ್, 16 ಜಿಬಿ ಮೆಮೊರಿಯ ಒಂದು ಸಾಧಾರಣ ಯಂತ್ರ ತೆಗೆದುಕೊಳ್ಳೋಣ. ಅಮೆಜಾನಿನ ಮುಂಬೈ ಕೇಂದ್ರದಲ್ಲಿ ನಾನು ಕೊನೆಯ ಸಲ ಲೆಕ್ಕ ಹಾಕಿದಾಗ ಲಿನಕ್ಸಿಗೆ ಗಂಟೆಗೆ ಸುಮಾರು 18 ಸೆಂಟ್, ವಿಂಡೋಸ್ ಬೇಕೆಂದರೆ ಸುಮಾರು 25 ಸೆಂಟ್. ತಿಂಗಳಿಗೆ 730 ಗಂಟೆ. ವಿಂಡೋಸ್ ಯಂತ್ರ ಹಗಲೂ ರಾತ್ರಿ ಓಡಿದರೆ 180 ಡಾಲರ್ ಮೇಲೆ. ಡಾಲರಿಗೆ 90 ರೂಪಾಯಿ ಹಿಡಿದರೆ 16,000 ರೂಪಾಯಿ ದಾಟುತ್ತದೆ. ಅದೇ ಯಂತ್ರವನ್ನು ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ ಮಾತ್ರ ಓಡಿಸಿದರೆ 260 ಗಂಟೆ, ಬಾಡಿಗೆ 6,000ದ ಒಳಗೆ. ಅಷ್ಟು ದೊಡ್ಡ ವ್ಯತ್ಯಾಸ ಬರುವುದು ಯಾರೋ ಒಬ್ಬರು ಸಂಜೆ ಏಳಕ್ಕೆ ತಾನಾಗಿ ಆರುವಂತೆ ಟೈಮರ್ ಇಟ್ಟಿದ್ದರಿಂದ. ನಾನು ನೋಡಿದ ಮೊದಲ ಬಿಲ್ಲುಗಳಲ್ಲಿ ಆ ಟೈಮರ್ ಇದ್ದದ್ದು ಬಹಳ ಕಡಿಮೆ.

ಈ ಕಡೆ ಸ್ವಂತ ಸರ್ವರ್. ಆರು ಲಕ್ಷದ ಯಂತ್ರ ಐದು ವರ್ಷ ಬಂದರೆ ತಿಂಗಳಿಗೆ 10,000. ಅದು 400 ವ್ಯಾಟ್ ಎಳೆದು, ಎಸಿ ಇನ್ನಷ್ಟೇ ಎಳೆದರೆ ತಿಂಗಳಿಗೆ 584 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 4,672. ಮೇಲೆ ವರ್ಷದ ನಿರ್ವಹಣಾ ಒಪ್ಪಂದ (ಎಎಂಸಿ), ಮೂರು ನಾಲ್ಕು ವರ್ಷಕ್ಕೊಮ್ಮೆ ಯುಪಿಎಸ್ ಬ್ಯಾಟರಿ, ಕರೆಂಟ್ ಹೋದಾಗ ಜನರೇಟರಿನ ಡೀಸೆಲ್ಲು. ಒಂದೇ ಸಣ್ಣ ಯಂತ್ರದ ಕೆಲಸಕ್ಕೆ ಇಷ್ಟು ಸುರಿಯುವುದು ದಡ್ಡತನ. ಆದರೆ ಆರು ಲಕ್ಷದ ಸರ್ವರಿನಲ್ಲಿ ತಂತ್ರಾಂಶದ ಸಹಾಯದಿಂದ ಹಾಗಿನ ಆರೇಳು ಯಂತ್ರಗಳನ್ನು ಒಟ್ಟಿಗೆ ಓಡಿಸಬಹುದು. ಅಷ್ಟನ್ನೂ ಬಾಡಿಗೆಗೆ ಹಿಡಿದು ದಿನವಿಡೀ ಓಡಿಸಿದರೆ ತಿಂಗಳಿಗೆ ಲಕ್ಷ ರೂಪಾಯಿ. ಮೂರು ವರ್ಷ ಇರುತ್ತೇನೆಂದು ಬರೆದುಕೊಟ್ಟರೆ ಅದು ಗಣನೀಯವಾಗಿ ಇಳಿಯುತ್ತದೆ, ಆದರೂ ಸ್ವಂತ ಸರ್ವರಿನ ಮಟ್ಟಕ್ಕೆ ಬರುವುದು ಅಪರೂಪ.

ಇದನ್ನು ಗಟ್ಟಿಯಾಗಿ ಹೇಳಿದ್ದು ಅಮೆರಿಕದ ತಂತ್ರಾಂಶ ಕಂಪನಿ 37ಸಿಗ್ನಲ್ಸ್. 2022ರಲ್ಲಿ ಅವರ ಕ್ಲೌಡ್ ಬಿಲ್ಲು 32 ಲಕ್ಷ ಡಾಲರ್. ಆ ವರ್ಷವೇ ಹೊರಬರುತ್ತೇವೆಂದು ಘೋಷಿಸಿ, ಡೆಲ್ ಸರ್ವರ್‌ಗಳನ್ನು ಕೊಂಡು, ಕೊಲೊಕೇಶನ್ನಿಗೆ ಸಾಗಿಸಿದರು. ಈ ಕಥೆಯನ್ನು ವಾಟ್ಸಾಪಿನಲ್ಲಿ ಕಳಿಸಿ "ನೋಡಿ, ನಾನು ಹೇಳಿರಲಿಲ್ವಾ" ಎನ್ನುವ ಮಾಲೀಕರಿಗೆ ನಾನು ಹೇಳುವುದು ಒಂದೇ: ಅವರಲ್ಲಿ ಹಾರ್ಡ್‌ವೇರು, ನೆಟ್‌ವರ್ಕು ಅರೆದು ಕುಡಿದ ಎಂಜಿನಿಯರುಗಳ ತಂಡ ಮೊದಲೇ ಇತ್ತು. ನಿಮ್ಮಲ್ಲಿರುವ ಹುಡುಗ ಪ್ರಿಂಟರಿಗೆ ಟೋನರ್ ಹಾಕುವುದರಿಂದ ಹಿಡಿದು ಫೈರ್‌ವಾಲಿನವರೆಗೆ ಒಬ್ಬನೇ. ಅವನ ಮದುವೆಗೆ ಹದಿನೈದು ದಿನ ರಜೆ ಕೊಟ್ಟಾಗ ಯಾರು ನೋಡಿಕೊಳ್ಳುತ್ತಾರೆ ಎನ್ನುವುದೂ ಆ ಲಕ್ಷ ರೂಪಾಯಿಯ ಲೆಕ್ಕದೊಳಗೆ ಬರಬೇಕು.

ಸ್ವಂತ ಸರ್ವರಿನ ಕಡೆಯ ತಂತ್ರಾಂಶದ ಖರ್ಚೂ ಮೊದಲಿನಂತಿಲ್ಲ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಒಂದೇ ಸರ್ವರಿನಲ್ಲಿ ಹಲವು ಯಂತ್ರ ಓಡಿಸುವ ತಂತ್ರಾಂಶದ ಕಂಪನಿ ವಿಎಂವೇರನ್ನು ಕೊಂಡಿತು, ಮರುತಿಂಗಳೇ ಒಮ್ಮೆ ಕೊಂಡರೆ ಕೊನೆಯವರೆಗೆ ನಿಮ್ಮದು ಎನ್ನುವ ಲೈಸೆನ್ಸ್ ಮಾರಾಟ ನಿಲ್ಲಿಸಿತು. ವರ್ಷವರ್ಷ ಕಟ್ಟುವ ಪದ್ಧತಿ ಸ್ವಂತ ಮನೆಯೊಳಕ್ಕೂ ಬಂತು. ಹೊಸದಾಗಿ ಹಾಕಿಸುವವರಿಗೆ ನಾನು ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಅಥವಾ ವಿಂಡೋಸ್ ಜೊತೆಗೇ ಬರುವ ಹೈಪರ್-ವಿ ಸಾಕು ಎನ್ನುತ್ತೇನೆ.

ಬಿಲ್ಲಿನ ಸಣ್ಣ ಅಕ್ಷರ

ಕ್ಲೌಡ್ ಬಿಲ್ಲಿನಲ್ಲಿ ಯಂತ್ರದ ಬಾಡಿಗೆ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಬೀಳಿಸುವುದು ಚಿಲ್ಲರೆ ಸಾಲುಗಳು. ಮುಂಬೈ ಕೇಂದ್ರದಿಂದ ಇಂಟರ್ನೆಟ್ಟಿಗೆ ಹೊರಹೋಗುವ ಪ್ರತಿ ಜಿಬಿಗೆ ಅಮೆಜಾನ್ ಹಾಕುವುದು ಸುಮಾರು 11 ಸೆಂಟ್, ತಿಂಗಳಿಗೆ ಮೊದಲ 100 ಜಿಬಿ ಬಿಟ್ಟಿ. ಒಳಗೆ ಹಾಕುವುದಕ್ಕೆ ಕಾಸಿಲ್ಲ, ಹೊರಗೆ ತರುವುದಕ್ಕೆ ಇದೆ. 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್ಟಿನಲ್ಲಿ ಯಂತ್ರದ ಮನೆ ನಂಬರು) ಗಂಟೆಗೆ ಅರ್ಧ ಸೆಂಟ್. ಒಳಗಿನ ಯಂತ್ರಗಳು ಇಂಟರ್ನೆಟ್ ಮುಟ್ಟಲು ಬೇಕಾಗುವ ನ್ಯಾಟ್ ಗೇಟ್‌ವೇಗೆ, ಅದರ ಮೂಲಕ ಒಂದು ಬೈಟೂ ಹೋಗದಿದ್ದರೂ, ತಿಂಗಳಿಗೆ ಸುಮಾರು 40 ಡಾಲರ್.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಕಡೆ ಪ್ರಯೋಗಕ್ಕೆಂದು ಸರ್ವರ್ ಎಬ್ಬಿಸಿ, ವಾರದ ನಂತರ ಅಳಿಸಿದೆ. ಸರ್ವರ್ ಹೋಯಿತು, ಅದಕ್ಕೆ ಅಂಟಿಸಿದ್ದ 500 ಜಿಬಿಯ ಡಿಸ್ಕು ಉಳಿಯಿತು. ಯಾರಿಗೂ ಸೇರದ ಡಿಸ್ಕಿಗೂ ಬಾಡಿಗೆ ಓಡುತ್ತದೆ. ಅದನ್ನು ಹಿಡಿದದ್ದು ನಾನಲ್ಲ, ಅಲ್ಲಿನ ಅಕೌಂಟ್ಸ್ ಮೇಡಂ. ಹದಿನಾಲ್ಕು ತಿಂಗಳ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಪೆನ್ಸಿಲಿನಲ್ಲಿ ಒಂದು ಸಾಲಿಗೆ ಸುತ್ತು ಹಾಕಿ, "ಇದೊಂದು ಮಾತ್ರ ಪ್ರತಿ ತಿಂಗಳೂ ಅಷ್ಟೇ ಇದೆಯಲ್ಲ ಸರ್, ಡಾಲರು ಹೆಚ್ಚಾದಾಗ ಬಿಟ್ರೆ ಅಲ್ಲಾಡೋದೇ ಇಲ್ಲ, ಯಾಕೆ?" ಎಂದರು. ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ಆವತ್ತಿನಿಂದ ನಾನು ಬಿಲ್ಲನ್ನು ಸಿಸ್ಟಮ್ ನೋಡುವವರಿಗೆ ಮಾತ್ರ ಕಳಿಸುವುದನ್ನು ಬಿಟ್ಟಿದ್ದೇನೆ. ತಿಂಗಳ ಬಜೆಟ್ ದಾಟುವ ಸೂಚನೆ ಬಂದರೆ ಮಾಲೀಕರ ಫೋನಿಗೂ, ಲೆಕ್ಕದವರ ಮೇಲಿಗೂ ಹೋಗಬೇಕು. ಖಾತೆ ತೆರೆದ ದಿನವೇ ಮಾಡಬೇಕಾದ ಕೆಲಸ ಅದು.

ಡಾಲರಿನ ಮಾತು ಬಂದಿದ್ದಕ್ಕೆ: ಅಮೆಜಾನಿನ ಇನ್‌ವಾಯ್ಸ್ ರೂಪಾಯಿಯಲ್ಲಿ ಬಂದರೂ ದರ ಡಾಲರಿನದು. 2016ರಲ್ಲಿ ಮುಂಬೈ ಕೇಂದ್ರ ತೆರೆದಾಗ ಡಾಲರಿಗೆ 67 ರೂಪಾಯಿ ಆಸುಪಾಸು, 2025ರ ಡಿಸೆಂಬರಿನಲ್ಲಿ 90 ದಾಟಿತು. ಒಂದು ಬಟನ್ನೂ ಒತ್ತದೆ ನಿಮ್ಮ ಖರ್ಚು ಮೂರನೇ ಒಂದರಷ್ಟು ಏರಿದ ಹಾಗೆ.

ತೆರಿಗೆಯೂ ಎಲ್ಲರಿಗೂ ಒಂದೇ ಥರ ಕಚ್ಚುವುದಿಲ್ಲ. ಕ್ಲೌಡ್ ಸೇವೆಗೆ ಜಿಎಸ್‌ಟಿ 18%. ತೆರಿಗೆ ಹಾಕಿ ಮಾರುವ ಕಾರ್ಖಾನೆಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್. ಆಸ್ಪತ್ರೆ, ಶಾಲೆಗಳ ಮುಖ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕ್ರೆಡಿಟ್ ಸಿಗದು, ಆ 18 ಕೈಯಿಂದಲೇ ಹೋಗುತ್ತದೆ. ಇನ್ನೊಂದು ಕಡೆ, ಸ್ವಂತ ಸರ್ವರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40% ಸವಕಳಿ, ಕ್ಲೌಡ್ ಬಿಲ್ಲು ಆ ವರ್ಷದ ಪೂರ್ತಿ ಖರ್ಚು. ನಿಮ್ಮ ಆಡಿಟರ್ ಯಾವುದನ್ನು ಇಷ್ಟಪಡುತ್ತಾರೆ ಎಂದು ಸಹಿ ಹಾಕುವ ಮುಂಚೆ ಕೇಳಿ, ಆಮೇಲಲ್ಲ.

ಯಾವ ಕೆಲಸ ಎಲ್ಲಿಗೆ

ಮೇಲ್ ಪಿಜಿಗೆ. ಚರ್ಚೆಯೇ ಬೇಡ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡು ಸ್ಪ್ಯಾಮ್ ಪಟ್ಟಿಗಳ ಜೊತೆ ಜಗಳವಾಡುವ ಕಾಲ ಮುಗಿಯಿತು. ಸಂಬಳದ ಲೆಕ್ಕ, ಹಾಜರಿ ಕೂಡ ಹೆಚ್ಚಿನವರಿಗೆ ಹಾಗೆಯೇ; ಪಿಎಫ್, ಇಎಸ್‌ಐ ನಿಯಮ ಬದಲಾದಾಗ ತಂತ್ರಾಂಶ ಬದಲಿಸುವುದು ಅವರ ಪಾಲಿಗೆ.

ಟ್ಯಾಲಿ ಮತ್ತು ಸ್ಟಾಕು, ಖರೀದಿ, ಉತ್ಪಾದನೆ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಹಳೆಯ ಇಆರ್‌ಪಿ ವಿಷಯದಲ್ಲಿ ನಿಧಾನ ಮಾಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಡೇಟಾ ಫೋಲ್ಡರನ್ನು ಮಾತ್ರ ಮುಂಬೈಗೆ ಕಳಿಸಿ, ತಂತ್ರಾಂಶವನ್ನು ಹುಬ್ಬಳ್ಳಿಯ ಆಫೀಸಿನಲ್ಲೇ ಇಟ್ಟು, ನಡುವೆ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಎಳೆದರೆ ಏನಾಗುತ್ತದೆ ನೋಡಿ. ಹಳೆಯ ತಂತ್ರಾಂಶಗಳು ಒಂದು ವರದಿ ತೆಗೆಯಲು ಡೇಟಾವನ್ನು ಸಾವಿರಾರು ಸಣ್ಣ ತುತ್ತುಗಳಲ್ಲಿ ಓದುತ್ತವೆ. ಆಫೀಸಿನೊಳಗೆ ಒಂದು ತುತ್ತಿಗೆ ಒಂದು ಮಿಲಿಸೆಕೆಂಡೂ ಬೇಡ. ಮುಂಬೈಗೆ ಹೋಗಿಬರಲು 30 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ, 5,000 ತುತ್ತಿಗೆ 150 ಸೆಕೆಂಡ್. ಎರಡೂವರೆ ನಿಮಿಷ ಒಂದು ಲೆಡ್ಜರಿಗೆ! ಇಂಟರ್ನೆಟ್ ವೇಗ ಹೆಚ್ಚಿಸಿಕೊಂಡರೂ ಇದು ಇಳಿಯದು, ಯಾಕೆಂದರೆ ತೊಂದರೆ ದಾರಿಯ ಅಗಲದ್ದಲ್ಲ, ಉದ್ದದ್ದು.

ಪರಿಹಾರ ಇದೆ. ತಂತ್ರಾಂಶ, ಡೇಟಾ ಎರಡನ್ನೂ ಒಂದೇ ಯಂತ್ರದಲ್ಲಿ ಮೇಲೆ, ಅಂದರೆ ಕ್ಲೌಡಿನಲ್ಲಿ, ಇಟ್ಟು, ಆಫೀಸಿಗೆ ಬರೀ ಪರದೆ ತರಿಸಿಕೊಳ್ಳುವುದು, ಅಂದರೆ ರಿಮೋಟ್ ಡೆಸ್ಕ್‌ಟಾಪ್. ವೇಗ ಸರಿಯಾಗುತ್ತದೆ. ಆಮೇಲೆ ಗೇಟಿನ ಬಳಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೈಕೊಡುತ್ತದೆ. ಲಾರಿ ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಮೂರು ಪ್ರತಿಯ ಡೆಲಿವರಿ ಚಲನ್ ಮುಂಬೈ ಸುತ್ತಿ ಬಂದು ಅರ್ಧ ಅಕ್ಷರ ಎಡಕ್ಕೆ ಸರಿದು ಅಚ್ಚಾಗುತ್ತಿದೆ. ಆ ಪ್ರಿಂಟರಿನ ಡ್ರೈವರ್ ಹೊಂದಿಸಲು ಒಂದು ಸಲ ನನಗೆ ಎರಡು ದಿನ ಹಿಡಿಯಿತು. ಸರ್ವರ್ ಸಾಗಿಸಲು ಹಿಡಿದದ್ದು ಅರ್ಧ ದಿನ. ಹಾಗಾಗಿ ನನ್ನ ಸಲಹೆ: ಶಾಖೆಗಳು ಮೂರು ನಾಲ್ಕು ಊರಿನಲ್ಲಿದ್ದರೆ ಲೆಕ್ಕವನ್ನು ಮೇಲಕ್ಕೆ ಒಯ್ಯಿರಿ. ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ ಸರ್ವರ್ ಅಲ್ಲೇ ಇರಲಿ, ಬ್ಯಾಕಪ್ ಮಾತ್ರ ಮೇಲೆ ಹೋಗಲಿ.

ಎಂಜಿನಿಯರಿಂಗ್ ಡ್ರಾಯಿಂಗುಗಳೂ ಆಫೀಸಿನಲ್ಲೇ ಇರಲಿ. 200 ಎಂಬಿಯ ಅಸೆಂಬ್ಲಿ ಫೈಲು 100 ಎಂಬಿಪಿಎಸ್ ಲೈನಿನಲ್ಲಿ ತೆರೆಯಲು 16 ಸೆಕೆಂಡ್, ಒಳಗಿನ ಗಿಗಾಬಿಟ್ ಕೇಬಲಿನಲ್ಲಿ ಎರಡು ಸೆಕೆಂಡಿಗೂ ಕಡಿಮೆ. ಡಿಸೈನ್ ಮಾಡುವವರು ದಿನಕ್ಕೆ ನಲವತ್ತು ಸಲ ತೆರೆದು ಮುಚ್ಚುತ್ತಾರೆ.

ಸಿಸಿಟಿವಿಯನ್ನು ಕ್ಲೌಡಿಗೆ ಹಾಕಿಸುತ್ತೇನೆ ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಒಂದು ಕ್ಯಾಮೆರಾ 2 ಎಂಬಿಪಿಎಸ್ ಹಿಡಿದರೂ ದಿನಕ್ಕೆ 21.6 ಜಿಬಿ. 32 ಕ್ಯಾಮೆರಾಕ್ಕೆ ದಿನಕ್ಕೆ 690 ಜಿಬಿ, ತಿಂಗಳಿಗೆ 20 ಟಿಬಿ. ಮುಂಬೈಯಲ್ಲಿ ಸಾಮಾನ್ಯ ದಾಸ್ತಾನಿಗೆ ಟಿಬಿಗೆ ತಿಂಗಳಿಗೆ 25 ಡಾಲರ್ ಆದರೆ 500 ಡಾಲರ್ ಮೇಲೆ, ಅದೂ ನಿಮ್ಮ ಅಪ್‌ಲೋಡ್ ಲೈನಿನಲ್ಲಿ 64 ಎಂಬಿಪಿಎಸ್ ಹಗಲೂ ರಾತ್ರಿ ಇದಕ್ಕೇ ಹೋದ ಮೇಲೆ. ಎನ್‌ವಿಆರ್ ಎಂಬ ರೆಕಾರ್ಡಿಂಗ್ ಪೆಟ್ಟಿಗೆಗೆ ಮೂರು ನಾಲ್ಕು ಡಿಸ್ಕ್ ಹಾಕಿಸಿ, ಅದನ್ನು ಕ್ಯಾಶ್ ಕೌಂಟರಿನ ಪಕ್ಕ ಇಡದೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ.

ಕ್ಲೌಡಿಗಾಗಿಯೇ ಹುಟ್ಟಿದ ಕೆಲಸವೂ ಇದೆ. ಬೇಡಿಕೆ ಒಂದು ದಿನ ಹತ್ತು, ಇನ್ನೊಂದು ದಿನ ಹತ್ತು ಸಾವಿರವಾಗುವ ಕಡೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆಳಗ್ಗೆ ಲಕ್ಷಗಟ್ಟಲೆ ಮನೆಯವರು ಒಂದೇ ಗಂಟೆಯಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆ, ಮರುದಿನ ಆ ಪುಟ ನೋಡುವವರಿಲ್ಲ. ಸೀರೆ ಮಾರುವ ಅಂಗಡಿಯ ವೆಬ್‌ಸೈಟಿಗೆ ದಸರೆಯಿಂದ ದೀಪಾವಳಿಯವರೆಗಿನ ವಾರಗಳು ಹಾಗೆಯೇ. ಆ ಕೆಲವು ವಾರಕ್ಕಾಗಿ ಸರ್ವರ್ ಕೊಂಡು ವರ್ಷವಿಡೀ ಧೂಳು ಒರೆಸುವುದರಲ್ಲಿ ಅರ್ಥವಿಲ್ಲ.

ದೊಡ್ಡವರಲ್ಲಿ ಯಾರು

ಮುಂಬೈ, ಹೈದರಾಬಾದುಗಳಲ್ಲಿ ಅಮೆಜಾನ್, ಪುಣೆ, ಚೆನ್ನೈ, ಮುಂಬೈಗಳಲ್ಲಿ ಮೈಕ್ರೋಸಾಫ್ಟ್, ಮುಂಬೈ ಮತ್ತು ದೆಹಲಿಯಲ್ಲಿ ಗೂಗಲ್. ಈ ಮೂವರಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ಬೆಂಗಳೂರಿನ ತುಂಬ ಇದ್ದಾರೆ, ಪೂರ್ಣ ಪ್ರಮಾಣದ ಕೇಂದ್ರ ಮಾತ್ರ ಬೆಂಗಳೂರಿನಲ್ಲಿ ಒಬ್ಬರದೂ ಇಲ್ಲ. ನಮ್ಮ ಗಾತ್ರದವರಿಗೆ ದರದಲ್ಲಿ ಅಂಥ ಅಂತರವೇನಿಲ್ಲ. ವಿಂಡೋಸ್ ಸರ್ವರ್, ಎಸ್‌ಕ್ಯುಎಲ್ ಡೇಟಾಬೇಸಿನ ಲೈಸೆನ್ಸುಗಳನ್ನು ಮೊದಲೇ ಕೊಂಡು ನಿರ್ವಹಣಾ ಒಪ್ಪಂದವನ್ನೂ ಚಾಲ್ತಿಯಲ್ಲಿಟ್ಟಿದ್ದರೆ ಅವನ್ನು ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜ್ಯೂರ್‌ಗೆ ಒಯ್ಯಬಹುದು, ಆಗ ಲೆಕ್ಕ ಅಲ್ಲಿಂದಲೇ ಶುರು ಮಾಡಿ. ಬೇರೆಯವರಿಗೆ ನನ್ನ ಅಳತೆಗೋಲು ತೀರ ಸರಳ: ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವವರು ಯಾವುದನ್ನು ಬಲ್ಲರೋ ಅದೇ. ಅಮೆಜಾನ್ ಬಲ್ಲವರು ಸಿಗುವುದು ಸುಲಭ, ಗೂಗಲ್ ಬಲ್ಲವರು ಬೆಂಗಳೂರಿನಾಚೆ ಕಡಿಮೆ. ಇ2ಇ ನೆಟ್‌ವರ್ಕ್ಸ್‌ನಂಥ ನಮ್ಮ ದೇಶದ ಸೇವೆಗಳಲ್ಲಿ ದರ ರೂಪಾಯಿಯದ್ದೇ. ಬರೀ ಯಂತ್ರ ಬೇಕಾದವರು ಅವರನ್ನೂ ಕೇಳಿ ನೋಡಬೇಕು.

ಎರಡು ಕ್ಲೌಡ್ ಒಟ್ಟಿಗೆ ನಡೆಸಿ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಇಬ್ಬರೇ ಇರುವ ತಂಡಕ್ಕೆ ಅದು ಎರಡು ದೋಣಿಯ ಮೇಲೆ ಕಾಲು. ಎರಡನೆಯದು ಬೇಕಾಗುವುದು ಬ್ಯಾಕಪ್ಪಿಗೆ ಮಾತ್ರ.

ಕಾನೂನು ಕೇಳುವುದು

ಜಾಗ ಬದಲಾದರೂ ಹೊಣೆ ಬದಲಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತಹಂತವಾಗಿ ಜಾರಿಗೆ ಬರುವಂತೆ. ಗ್ರಾಹಕರ ಮಾಹಿತಿ ಸೋರಿದರೆ ಉತ್ತರಿಸಬೇಕಾದವರು ಅದನ್ನು ಸಂಗ್ರಹಿಸಿದ ನೀವು, ಬಾಡಿಗೆಗೆ ಜಾಗ ಕೊಟ್ಟವರಲ್ಲ. ದಂಡದ ಮಿತಿ 250 ಕೋಟಿ ರೂಪಾಯಿವರೆಗೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಕೊಟ್ಟ ನಿರ್ದೇಶನದಂತೆ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಯಂತ್ರಗಳು ತಾವೇ ಬರೆದಿಡುವ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಅಮೆಜಾನಿನಲ್ಲಿ ಯಾರು ಏನು ಬದಲಿಸಿದರು ಎಂಬ ದಾಖಲೆ ತಾನಾಗಿ ಉಳಿಯುವುದು 90 ದಿನ. ಉಳಿದ 90 ದಿನಕ್ಕೆ ನೀವೇ ವ್ಯವಸ್ಥೆ ಮಾಡಬೇಕು. ಇದನ್ನು ಹೇಳಿದಾಗ ಹೆಚ್ಚಿನ ಕಡೆ ಮೌನವೇ ಉತ್ತರ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು. ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲೆಕ್ಕದ ಪುಸ್ತಕಗಳ ಬ್ಯಾಕಪ್ ಪ್ರತಿದಿನ, ಭಾರತದಲ್ಲೇ ಇರುವ ಸರ್ವರಿಗೆ ಹೋಗಬೇಕು. ಕ್ಲೌಡ್ ಖಾತೆ ತೆರೆಯುವಾಗ ಅಗ್ಗವೆಂದೋ ಅಥವಾ ಅದೇ ಮೊದಲು ಕಂಡಿತೆಂದೋ ಅಮೆರಿಕದ ವರ್ಜೀನಿಯಾ ಆರಿಸಿ, ಟ್ಯಾಲಿ ಬ್ಯಾಕಪ್ಪೂ ಅಲ್ಲಿಗೇ ಹೋಗುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಸಹಕಾರಿ ಬ್ಯಾಂಕು, ಹಣಕಾಸು ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿರ್ದೇಶನಗಳಿವೆ, ಅವರು ಈ ಲೇಖನ ನೆಚ್ಚಿಕೊಳ್ಳಬಾರದು.

ನಿಂತಾಗ, ಮತ್ತು ಬಿಟ್ಟು ಬರುವಾಗ

ಕ್ಲೌಡ್ ನಿಲ್ಲುವುದಿಲ್ಲ ಎನ್ನುವವರಿಗೆ 2025ರ ಅಕ್ಟೋಬರ್ 20 ನೆನಪಿರಲಿ. ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಡೇಟಾಬೇಸ್ ಸೇವೆಯೊಂದರ ವಿಳಾಸ ಹೇಳುವ ಡಿಎನ್‌ಎಸ್ ದಾಖಲೆ ತಪ್ಪಿ, ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ಕೂತವು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಬ್ಯಾಕಪ್ ಅದೇ ಆವರಣದಲ್ಲಿಟ್ಟುಕೊಂಡಿದ್ದ ಕೆಲವರಿಗೆ ಏನೂ ಉಳಿಯಲಿಲ್ಲ. ಶೇಕಡ 99.9 ಸಮಯ ನಿಲ್ಲದೆ ಓಡುತ್ತದೆ ಎಂದು ಕಾಗದದಲ್ಲಿ ಬರೆದುಕೊಟ್ಟರೂ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ನಿಲ್ಲಲು ಅವರಿಗೆ ಅವಕಾಶವಿದೆ. ಹೆಚ್ಚು ನಿಂತರೆ ಸಿಗುವುದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ನಿಮ್ಮ ತಪ್ಪಿದ ಆರ್ಡರಲ್ಲ. ಹಾಗೆಂದು ಮೆಟ್ಟಿಲ ಕೆಳಗಿನ ಸರ್ವರ್ ಇದಕ್ಕಿಂತ ಮೇಲು ಎಂದು ನಾನು ಹೇಳಲಾರೆ. ಬಕೆಟ್ ತುಂಬಿ ಹರಿದರೆ ಮುಗಿಯಿತು.

ನನಗೆ ಹೆಚ್ಚು ಪಾಠ ಕಲಿಸಿದ್ದು ಆಸ್ಟ್ರೇಲಿಯಾದ ಯುನಿಸೂಪರ್ ಪಿಂಚಣಿ ನಿಧಿಯ ಪ್ರಸಂಗ. 2024ರ ಮೇ ತಿಂಗಳಲ್ಲಿ ಗೂಗಲ್ ಕಡೆಯ ಒಂದು ತಪ್ಪು ಸಂರಚನೆಯಿಂದ ಅವರ ಒಂದು ಖಾಸಗಿ ಕ್ಲೌಡ್, ಅಂದರೆ ಅವರಿಗಷ್ಟೇ ಮೀಸಲಾದ ಸರ್ವರುಗಳ ಗುಂಪು, ಅಳಿಸಿಹೋಯಿತು. ಮತ್ತೆ ಎದ್ದು ನಿಲ್ಲಲು ದೊಡ್ಡ ಆಸರೆಯಾದದ್ದು ಬೇರೊಬ್ಬ ಸೇವಾದಾರರ ಬಳಿ ಇಟ್ಟಿದ್ದ ಬ್ಯಾಕಪ್. ಬ್ಯಾಕಪ್ಪಿನ ಪಾಸ್‌ವರ್ಡು, ಅದರ ಬಿಲ್ಲು, ಅದರ ಕಂಪನಿ ಮೂರೂ ಬೇರೆಯಾಗಿರಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಬಿಟ್ಟು ಬರುವ ದಾರಿಯನ್ನು ಹೋಗುವ ಮೊದಲೇ ನೋಡಿಕೊಳ್ಳಬೇಕು. ಪೂರ್ತಿ ಬಿಟ್ಟು ಹೋಗುವವರಿಗೆ ಡೇಟಾ ಹೊರತರುವ ಶುಲ್ಕವನ್ನು 2024ರಲ್ಲಿ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂವರೂ ಮನ್ನಾ ಮಾಡಿದ್ದಾರೆ, ಮೊದಲೇ ಅರ್ಜಿ ಹಾಕಬೇಕು. ಯಂತ್ರ ಬಾಡಿಗೆಗೆ ಹಿಡಿದವರು ಹೇಗೋ ಹೊರಬರುತ್ತಾರೆ. ಪಿಜಿಯಲ್ಲಿದ್ದವರದ್ದೇ ಕಷ್ಟ: ಐದು ವರ್ಷದ ಗ್ರಾಹಕರ ಪಟ್ಟಿ ಎಕ್ಸೆಲ್ಲಿನಲ್ಲಿ ಬರುತ್ತದೆ, ಪ್ರತಿ ಗ್ರಾಹಕರ ಜೊತೆ ನಡೆದ ಮಾತುಕತೆಯ ಟಿಪ್ಪಣಿ, ಲಗತ್ತಿಸಿದ ಫೈಲು ಬರುವುದಿಲ್ಲ, ಬಂದರೂ ಯಾವುದು ಯಾರದ್ದೆಂದು ತಿಳಿಯದ ಹಾಗೆ. ಕೊಳ್ಳುವ ಮುಂಚಿನ ಉಚಿತ ತಿಂಗಳಲ್ಲಿ ಎಲ್ಲರೂ ಒಳಗೆ ಹಾಕಿ ನೋಡುತ್ತಾರೆ. ಹೊರಗೆ ತೆಗೆದೂ ನೋಡಿ.

ಪೀಣ್ಯದವರು ಕೊನೆಗೆ ಮಾಡಿದ್ದು ಇಷ್ಟು. ಮೇಲ್, ಹಾಜರಿ ಪಿಜಿಗೆ ಹೋದವು. ಡೀಲರುಗಳು ಆರ್ಡರ್ ಹಾಕುವ ಪುಟ ಮುಂಬೈಯಲ್ಲಿ. ಡ್ರಾಯಿಂಗು, ಇಆರ್‌ಪಿ ಹೊಸ ಸರ್ವರಿನಲ್ಲಿ, ಮೊದಲ ಮಹಡಿಯ ಒಣ ಕೋಣೆಯಲ್ಲಿ. ಬ್ಯಾಕಪ್ ದಿನಾ ರಾತ್ರಿ ಹೈದರಾಬಾದಿಗೆ. ಒಂದು ಶನಿವಾರ ಮಧ್ಯಾಹ್ನ ಆ ಬ್ಯಾಕಪ್ಪಿನಿಂದಲೇ ಇಆರ್‌ಪಿಯನ್ನು ಬೇರೊಂದು ಖಾಲಿ ಯಂತ್ರದಲ್ಲಿ ಎಬ್ಬಿಸಿ ನೋಡೋಣ ಎಂದು ಕೂತೆವು. ಎರಡು ಗಂಟೆ ಎಂದುಕೊಂಡಿದ್ದೆ, ಏಳೂವರೆ ಗಂಟೆ ಹಿಡಿಯಿತು; ಡೇಟಾ ಬಂತು, ಇಆರ್‌ಪಿಯ ಲೈಸೆನ್ಸ್ ಫೈಲು ಬ್ಯಾಕಪ್ಪಿನಲ್ಲಿ ಸೇರಿರಲೇ ಇಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಮಾಲೀಕರು ಪಾರ್ಸೆಲ್ ಇಡ್ಲಿ ತರಿಸಿದರು. ಮುಂದಿನ ಪರೀಕ್ಷೆಯ ತಾರೀಖನ್ನು ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ, ಮೂರು ತಿಂಗಳಿಗೊಂದು ಶನಿವಾರ.